ಸುಲ್ತಾನನ ಸೈನ್ಯಕ್ಕೆ ಮೊಸರನ್ನ

ದಂಗೆ ಎದ್ದವರಿಗೂ ದಂಗೆ ಅಡಗಿಸುವವರಿಗೂ ನಮ್ಮ ಅಡುಗೆಮನೆಯಿಂದಲೇ ಊಟ ಹೋಗಬೇಕು ಎಂದು ನಮ್ಮ ಕಫೀಲ್, ಅಂದರೆ ನಮ್ಮೆಲ್ಲರ ವೀಸಾ ಹೊಣೆ ಹೊತ್ತ ಕುವೈತಿ ಮಾಲೀಕರು, ಹೇಳಿದಾಗ ನನಗೆ ನಗು ತಡೆಯಲಾಗಲಿಲ್ಲ. ಅದರ ಹಿಂದೆಯೇ ಅವರು ಆಡಿದ ಮಾತಿಗೆ ಆ ನಗು ಅಲ್ಲಿಗೇ ನಿಂತಿತು.

ಕುವೈತಿನ ಸುಲೈಬಿಯಾದ ಗೋದಾಮುಗಳ ನಡುವೆ ನಮ್ಮ ಅಡುಗೆಮನೆ. ಲೇಬರ್ ಕ್ಯಾಂಪುಗಳಿಗೆ ಊಟ ಕಳಿಸುವುದು ಕಂಪನಿಯ ಕೆಲಸ, ಅದನ್ನು ನೋಡಿಕೊಳ್ಳುವ ಸೂಪರ್‌ವೈಸರ್ ನಾನು. ಆ ಚಳಿಗಾಲದಲ್ಲಿ ನಮ್ಮ ದೊಡ್ಡ ಕ್ಯಾಂಪಿನ ಗುತ್ತಿಗೆ ಬೇರೆಯವರ ಪಾಲಾಗಿತ್ತು. ಅರ್ಧಕ್ಕರ್ಧ ಒಲೆಗಳು ತಣ್ಣಗೆ ಕೂತಿದ್ದವು. ಆಗ ಸಿಕ್ಕಿದ್ದು ಈ ಟಿವಿ ಧಾರಾವಾಹಿಯ ಆರ್ಡರ್. ಹಿಂದೆ ಯಾವುದೋ ಕಾಲದಲ್ಲಿ ಯಾವುದೋ ರಾಜ್ಯದ ಪ್ರಜೆಗಳು ತಮ್ಮ ಸುಲ್ತಾನನ ಮೇಲೆ ದಂಗೆ ಎದ್ದು ಗೆದ್ದ ಕಥೆ. ಯಾವ ಕಾಲ, ಯಾವ ರಾಜ್ಯ ಎಂದು ಕೇಳಿದರೆ ಕಥೆ ಬರೆದವನೂ ಕೆಮ್ಮುತ್ತಿದ್ದ. ಫ್ರಿಜ್ಜು, ಏಸಿ ಮಾರುವ ವ್ಯಾಪಾರಿಯೊಬ್ಬರು ಎರಡೂ ಸೈನ್ಯಗಳಿಗೆ ಹಣ ಹಾಕಿದ್ದರು. ಯಾರು ಗೆದ್ದರೂ ಅವರಿಗೆ ನಷ್ಟವಿಲ್ಲ.

ನಷ್ಟವಿದ್ದದ್ದು ನಮಗೆ. ಕಫೀಲ್ ತಮ್ಮ ಹರಕು ಹಿಂದಿಯಲ್ಲಿ ನೇರವಾಗಿ ಹೇಳಿದರು: "ಯೇ ಕಾಮ್ ಅಚ್ಛಾ, ಕಿಚನ್ ಅಚ್ಛಾ. ಯೇ ಕಾಮ್ ಖರಾಬ್, ಕಿಚನ್ ಖಲಾಸ್. ಸಬ್ ಲೋಗ್ ಘರ್."

ಈ ಕೆಲಸ ಕೆಟ್ಟರೆ ಅಡುಗೆಮನೆಗೆ ಬೀಗ, ನಾವೆಲ್ಲ ಊರಿಗೆ. ನಾನಾದರೆ ಹೇಗೋ ಇನ್ನೊಂದು ಕಡೆ ಇಕಾಮಾ, ಅಂದರೆ ವಾಸದ ಪರವಾನಗಿ, ಬದಲಾಯಿಸಿಕೊಂಡು ಬದುಕಬಹುದಿತ್ತು. ನಮ್ಮ ಮುಖ್ಯ ಅಡುಗೆಯವರ ಗತಿ ಹಾಗಲ್ಲ. ಕುಂದಾಪುರದವರು, ಕೂದಲು ಪೂರ್ತಿ ಬೆಳ್ಳಗಾದವರು. ಅವರನ್ನು ನಾವೆಲ್ಲ ಅಣ್ಣ ಎಂದೇ ಕರೆಯುತ್ತಿದ್ದೆವು. ಈ ವಯಸ್ಸಿನವರಿಗೆ ಕುವೈತಿನಲ್ಲಿ ಹೊಸದಾಗಿ ಕೆಲಸ ಕೊಡುವವರು ಯಾರೂ ಇಲ್ಲ. ಅದು ಅಣ್ಣನಿಗೂ ಗೊತ್ತಿತ್ತು. ಗೊತ್ತಿದ್ದೂ ಅವರ ಜಂಬಕ್ಕೇನೂ ಕಡಿಮೆಯಿರಲಿಲ್ಲ.

"ಸೈನ್ಯ ಅಂದ್ರೆ ಎಂತ ಮಾರಾಯ್ರೆ? ಬಾಯಿ ಇಪ್ಪವ್ರೇ ಅಲ್ದಾ? ಬರ್ಲಿ ಕಾಂಬ," ಎಂದು ಸೌಟು ತಿರುಗಿಸಿದರು.

ಚಿತ್ರೀಕರಣ ಸಾಲ್ಮಿ ರಸ್ತೆಯ ಆಚೆಯ ಮರಳುಗಾಡಿನಲ್ಲಿ. ಮೊದಲ ದಿನ ನಾವು ಮಾಮೂಲಿನಂತೆ ಅಲ್ಯೂಮಿನಿಯಂ ಫಾಯಿಲ್ ಡಬ್ಬಿಗಳಲ್ಲಿ ಅನ್ನ, ಕೋಳಿ ಸಾರು ತುಂಬಿ, ಬೆಳ್ಳಿ ಹಾಳೆ ಅಂಟಿಸಿದ ರಟ್ಟಿನ ಮುಚ್ಚಳ ಒತ್ತಿ, ಲಾರಿಯಲ್ಲಿ ಒಯ್ದೆವು. ಕ್ಯಾಂಪಿನಲ್ಲಾದರೆ ಗೋಡೆ ಇದೆ, ಸೂರು ಇದೆ. ಇಲ್ಲಿ ಇರುವುದು ಗಾಳಿಯೊಂದೇ. ಡಬ್ಬಿ ಬಿಚ್ಚಿದ್ದೇ ತಡ, ಮುಚ್ಚಳಗಳೆಲ್ಲ ಮೇಲೆದ್ದು ಹಾರಿದವು. ಅವುಗಳ ಮಿಂಚಿಗೆ ಬಾಡಿಗೆ ಕುದುರೆಗಳು ಬೆಚ್ಚಿ, ಒಂದಂತೂ ಸುಲ್ತಾನನ ಪಾತ್ರಧಾರಿಯನ್ನು ಹೊತ್ತುಕೊಂಡೇ ಹೆದ್ದಾರಿಯ ಕಡೆ ಓಡಿತು. ಅನ್ನದ ತುಂಬ ಮರಳು. ಎರಡೂ ಕಡೆಯ ಸೈನಿಕರು ಒಟ್ಟಾಗಿ ನನ್ನನ್ನು ಬೈದರು. ಬಂಗಾಳಿ, ನೇಪಾಳಿ, ಹಿಂದಿ, ಅರಬ್ಬಿ, ಮಲಯಾಳ, ಯಾವ ಭಾಷೆಯಲ್ಲಿ ಬೈದರೂ ಬೈಗುಳ ಬೈಗುಳವೇ.

ಅದರ ನಡುವೆ ಕನ್ನಡದಲ್ಲೂ ಒಂದು ಬಂತು. "ಎಂತ ಸಾರ್ ಇದು? ಊಟವಾ, ಸಿಮೆಂಟಾ?" ಪುತ್ತೂರಿನ ಕಡೆಯ ಒಬ್ಬಾತ. ಮ್ಯಾನ್‌ಪವರ್ ಕಂಪನಿ ಸೈನಿಕರಾಗಿ ನಿಲ್ಲಲು ಕಳಿಸಿದ್ದ ಕೆಲಸಗಾರರಲ್ಲಿ ಅವನೂ ಇದ್ದ. ಬೇರೆ ದಿನ ಗೋದಾಮಿನಲ್ಲಿ ಪೆಟ್ಟಿಗೆ ಎತ್ತುವವನಿಗೆ ಈಗ ಬಿಳಿ ಸಮವಸ್ತ್ರ, ನಡುವಿಗೆ ಕೆಂಪು ಪಟ್ಟಿ, ಕೈಯಲ್ಲಿ ಮರದ ಕತ್ತಿ. ಸುಲ್ತಾನನ ಕಡೆಯವನು.

ಅಂದು ಸಂಜೆ ಅಣ್ಣನೇ ಉಪಾಯ ಹೇಳಿದರು. "ಡಬ್ಬಿ ಗಿಬ್ಬಿ ಬೇಡ. ಪಂಕ್ತಿ ಹಾಕುವ. ಲಾರಿ ಅಡ್ಡ ನಿಲ್ಸಿ, ಅದ್ರ ಮರಿಯಂಗೆ ಚಾಪಿ ಹಾಸಿ, ಸಾಲಂಗೆ ಕೂರ್ಸಿ, ಬಾಲ್ದಿ ಹಿಡ್ಕಂಡ್ ಬಡ್ಸುದು."

ಗಾಳಿಗೆ ಅಡ್ಡವಾಗಿ ಲಾರಿಗಳನ್ನು ನಿಲ್ಲಿಸಿದೆವು. ಉದ್ದಕ್ಕೆ ಪ್ಲಾಸ್ಟಿಕ್ ಚಾಪೆ, ಸ್ಟೀಲಿನ ತಟ್ಟೆ, ಮುಚ್ಚಿದ ಬಾಲ್ದಿಯಿಂದ ಬಿಸಿಬಿಸಿ ಬಡಿಸಾಟ. ಸೈನ್ಯ ಬಾಯಿ ಚಪ್ಪರಿಸಿತು. ಗೆದ್ದೆವು ಎಂದುಕೊಂಡೆ. ಆದರೆ ನಮ್ಮ ಕಡೆಯವರ ಬಡಿಸುವ ಚಾಳಿ ಇದೆಯಲ್ಲ, ಅದು ಎಲ್ಲಿಗೆ ಹೋದರೂ ಬಿಡುವುದಿಲ್ಲ. ಬೇಡ ಎಂದರೆ ನಾಚಿಕೆ ಎಂದು ತಿಳಿಯುವುದು, ಸಾಕು ಎಂದರೆ ಇನ್ನೊಂದು ಸೌಟು ಸುರಿಯುವುದು. ಉಪಚಾರ ಮಾಡದೆ ಬಡಿಸಿದರೆ ಬಡಿಸಿದಂತಲ್ಲ ಎಂಬುದು ಅಣ್ಣನ ಮತ. ಪಾಪ, ಬಂಗಾಳದ ಹುಡುಗರಿಗೆ, ಈಜಿಪ್ಟಿನ ಮೇಸ್ತ್ರಿಗಳಿಗೆ ಈ ಆಟದ ನಿಯಮ ಏನು ಗೊತ್ತು? ತಟ್ಟೆಗೆ ಬಿದ್ದದ್ದನ್ನು ಬಿಡಬಾರದೆಂದು ಅವರು ತಿಂದರು. ಖಾಲಿ ತಟ್ಟೆ ಕಂಡು ಅಣ್ಣ ಮತ್ತೆ ಸುರಿದರು. ಮಧ್ಯಾಹ್ನದ ಮೇಲೆ ಕತ್ತಿ ಹಿಡಿದು ದಿಬ್ಬ ಹತ್ತಬೇಕಿದ್ದ ಬಂಡುಕೋರರು ಅರ್ಧ ದಾರಿಯಲ್ಲಿ ಕುಕ್ಕರಿಸಿ ತೇಗಿದರು.

ನಿರ್ದೇಶಕರು ಅದಕ್ಕೆ ಸಿಟ್ಟಾಗಲಿಲ್ಲ, ದಣಿದ ಪ್ರಜೆಗಳ ಹಾಗೆ ಚೆನ್ನಾಗಿ ಕಾಣುತ್ತಿದ್ದಾರೆ ಎಂದರಂತೆ. ಸಿಟ್ಟಾದವರು ಬಟ್ಟೆ ಮೇಸ್ತ್ರಿ. ಹೈದರಾಬಾದಿನ ಈ ದರ್ಜಿ ಎರಡೂ ಸೈನ್ಯಗಳ ಉಡುಪಿಗೆ ಜವಾಬ್ದಾರರು. ಅವರು ಒಂದು ಬಿಳಿ ಅಂಗಿಯನ್ನು ನನ್ನ ಮೂಗಿಗೆ ಹಿಡಿದರು. ಎದೆಯ ಮೇಲೆ ಅಂಗೈಯಗಲ ಅರಿಶಿನದ ಕಲೆ.

"ಯೇ ಕ್ಯಾ ಹೈ ಭಾಯಿ? ಸುಲ್ತಾನ್ ಕಾ ಫೌಜ್ ಹೈ, ಯಾ ಹಲ್ದಿ ಕಾ ಫಂಕ್ಷನ್?"

ಬಾಡಿಗೆಗೆ ತಂದ ಬಟ್ಟೆ, ಪ್ರತಿದಿನವೂ ಅದೇ ಬೇಕು, ಒಗೆದರೆ ಕಲೆ ಹೋಗುವುದಿಲ್ಲ. ಬಂಡುಕೋರರದು ಹೇಗೂ ಮಣ್ಣು ಬಣ್ಣದ ಚಿಂದಿ, ಅದರ ಮೇಲೆ ಸಾರು ಬಿದ್ದಷ್ಟೂ ಶೋಭೆ. ಹಾಗಾಗಿ ಪ್ರೊಡಕ್ಷನ್ ಕಡೆಯಿಂದ ಅಪ್ಪಣೆ ಬಂತು: ಸುಲ್ತಾನನ ಸೈನ್ಯಕ್ಕೆ ಇನ್ನು ಬಿಳಿ ಊಟ ಮಾತ್ರ.

ಅಣ್ಣ ಅದನ್ನು ಕೇಳಿ, ಮನೆಯಲ್ಲಿ ಯಾರೋ ತೀರಿಕೊಂಡಂತೆ ಕೂತರು. ಆದರೂ ಮಾಡಿದರು. ಮೊಸರನ್ನ. ನೀರುದೋಸೆ, ಅದಕ್ಕೆ ಮೆಣಸಿಲ್ಲದ ತೆಂಗಿನಕಾಯಿ ಚಟ್ನಿ. ಮರುದಿನ ಮತ್ತೆ ಮೊಸರನ್ನ. ಬೇಯಿಸಿದ ಮೊಟ್ಟೆ ಕೊಡೋಣವೆಂದರೆ ಬಟ್ಟೆ ಮೇಸ್ತ್ರಿ ಒಂದನ್ನು ಒಡೆದು ನೋಡಿ, ಒಳಗೆ ಹಳದಿ ಇದೆಯಲ್ಲ ಎಂದು ವಾಪಸ್ ಕಳಿಸಿದರು. ಅದೇ ಹೊತ್ತಿಗೆ ಆಚೆ ಪಂಕ್ತಿಯಲ್ಲಿ ಬಂಡುಕೋರರಿಗೆ ಕೋಳಿ ಸಾರು, ಮೀನು ಹುರಿದದ್ದು, ಮಟನ್ ಪಲಾವು. ಪುತ್ತೂರಿನವನು ತನ್ನ ಮೊಸರನ್ನ ನೋಡಿ, ಆಚೆಯ ಮೀನು ನೋಡಿ, ನನ್ನನ್ನು ನೋಡಿದ.

"ಸಾರ್, ನಾವು ಎಂತ ಪಾಪ ಮಾಡಿದ್ದು? ನಾವು ಸರ್ಕಾರದ ಕಡೆ ಅಲ್ವಾ? ನಮ್ಗೆ ಆಸ್ಪತ್ರೆ ಊಟ, ದಂಗೆಯವರಿಗೆ ಮದುವೆ ಊಟ!"

ಮರುದಿನ ಬೆಳಿಗ್ಗೆ ಅವನು ಚಿಂದಿ ಉಟ್ಟು ಬಂಡುಕೋರರ ಸಾಲಿನಲ್ಲಿ ನಿಂತಿದ್ದ. ನನಗೆ ಕಣ್ಣು ಹೊಡೆದ.

ಅಲ್ಲಿನ ಪದ್ಧತಿ ಹೀಗಿತ್ತು. ಬಸ್ಸಿನಿಂದ ಇಳಿದವರು ಬಟ್ಟೆಯ ಡೇರೆಗೆ ಹೋಗುವುದು, ತಮಗೆ ಸರಿಹೊಂದುವ ಉಡುಪು ಹಾಕಿಕೊಳ್ಳುವುದು. ಯಾರು ಯಾವ ಕಡೆ ಎಂದು ಮುಖ ನೋಡಿ ಗುರುತಿಡುವವರು ಇರಲಿಲ್ಲ. ಬಿಳಿ ಹಾಕಿದವನು ಸುಲ್ತಾನನವನು, ಚಿಂದಿ ಹಾಕಿದವನು ಬಂಡುಕೋರ, ಅಷ್ಟೇ. ಹಾಗಾಗಿ ಒಬ್ಬನ ಹಿಂದೆ ಒಬ್ಬ ಜಾರತೊಡಗಿದರು. ಚಿಂದಿಗಾಗಿ ಡೇರೆಯ ಮುಂದೆ ನೂಕುನುಗ್ಗಲು. ಕೊನೆಗೆ ಬಟ್ಟೆ ಮೇಸ್ತ್ರಿ ಹಳೆ ಗೋಣಿಗಳನ್ನು ಹರಿದು ಹೊಸ ಚಿಂದಿ ಹೊಲಿಯಬೇಕಾಯಿತು. ಕಥೆಯ ಪ್ರಕಾರ ಕೊನೆಯ ಯುದ್ಧದಲ್ಲಿ ಸುಲ್ತಾನನದು ಮಹಾಸೈನ್ಯ, ಬಂಡುಕೋರರು ಬೆರಳೆಣಿಕೆ. ಆದರೆ ಮರಳುಗಾಡಿನಲ್ಲಿ ನಿಂತಿದ್ದದ್ದು ತಿರುಗುಮುರುಗು. ಯುದ್ಧಕ್ಕೆ ಮುಂಚೆಯೇ ಕ್ರಾಂತಿ ಗೆದ್ದು ಕೂತಿತ್ತು.

ನಿರ್ದೇಶಕರು ಕ್ಯಾಮರಾದ ಅಟ್ಟಣೆ ಏರಿ ಕೆಳಗೆ ನೋಡಿ, "ನನ್ನ ಸೈನ್ಯ ಎಲ್ಲಿ?" ಎಂದು ಅರಬ್ಬಿಯಲ್ಲಿ ಕೂಗಿದ್ದು ನಮ್ಮ ಲಾರಿಯವರೆಗೆ ಕೇಳಿಸಿತು. ಪ್ರೊಡಕ್ಷನ್ ಮ್ಯಾನೇಜರ್ ತನಿಖೆ ಮಾಡಿದ. ಬಿಳಿ ಬಟ್ಟೆ ಚುಚ್ಚುತ್ತದೆಯೇ? ಕೆಂಪು ಪಟ್ಟಿ ಬಿಗಿಯೇ? ಯಾರೂ ಬಾಯಿ ಬಿಡಲಿಲ್ಲ. ನನಗೆ ಗೊತ್ತಿತ್ತು, ನಾನೂ ಬಿಡಲಿಲ್ಲ. ಬಿಟ್ಟರೆ ತಪ್ಪು ಊಟದ ತಲೆಗೆ ಬರುವುದು, ಊಟ ನಮ್ಮದು.

ಸೈನಿಕರನ್ನು ಬಿಟ್ಟರೆ ಬಟ್ಟೆ ಮೇಸ್ತ್ರಿಗೂ ನನಗೂ ಮಾತ್ರ ಗುಟ್ಟು ಗೊತ್ತು. ಇಬ್ಬರೂ ಸೇರಿ ಒಂದು ದಾರಿ ಹುಡುಕಿದೆವು. ಊಟದ ಹೊತ್ತಿಗೆ ಬಿಳಿ ಅಂಗಿಯ ಮೇಲೆ ಕಸದ ಚೀಲ. ದೊಡ್ಡ ಕಪ್ಪು ಚೀಲಕ್ಕೆ ತಲೆ ಹೊಗಿಸಲು, ಕೈ ತೂರಿಸಲು ತೂತು ಮಾಡಿ, ಉಳಿದಿದ್ದ ಸುಲ್ತಾನನ ಸೈನಿಕರಿಗೆ ತೊಡಿಸಿ, ಕೋಳಿ ಸಾರು ಬಡಿಸಿದೆವು. ಒಳ್ಳೆಯ ಉಪಾಯವೇ. ಆದರೆ ಲಾರಿಗಳ ಸಂದಿಯಿಂದ ಒಂದು ಗಾಳಿ ಬೀಸಿತು ನೋಡಿ, ಚೀಲಗಳೆಲ್ಲ ಉಬ್ಬಿ, ಸುಲ್ತಾನನ ಸೈನ್ಯ ಪಂಕ್ತಿಯಲ್ಲಿ ಕೂತ ಕರಿ ಬಲೂನುಗಳಾಯಿತು. ಬಂಡುಕೋರರು ಬಿದ್ದು ಬಿದ್ದು ನಕ್ಕರು. ಮರ್ಯಾದೆ ಹೋದವರಂತೆ ಆ ಉಳಿದವರಲ್ಲೂ ಅರ್ಧ ಜನ ಮರುದಿನ ಪಕ್ಷ ಬಿಟ್ಟರು.

ಅದೇ ಸಂಜೆ ಕಫೀಲ್ ಫೋನ್ ಮಾಡಿದರು. ಪ್ರೊಡಕ್ಷನ್‌ನವರು ತಮಗೆ ದೂರು ಕೊಟ್ಟಿದ್ದಾರೆ, ಸೈನಿಕರು ಸರಿಯಾಗಿ ನಿಲ್ಲುತ್ತಿಲ್ಲ, ಊಟದ ಹೊತ್ತಿನಲ್ಲಿ ಏನೋ ಗಲಾಟೆಯಂತೆ. ನಾಳಿದ್ದು ಕೊನೆಯ ಯುದ್ಧ. ತಾವೇ ನೋಡಲು ಬರುತ್ತಾರಂತೆ. "ಯಾ ಅಖಿ, ದೇಖೋ," ನೋಡು ತಮ್ಮಾ, ಎಂದಷ್ಟೇ ಹೇಳಿ ಇಟ್ಟರು. ಆ 'ದೇಖೋ' ಹೊತ್ತುಕೊಂಡು ನಾನು ಅಣ್ಣನನ್ನು ಹುಡುಕಿ ಹೋದೆ.

ಅಣ್ಣ ಪಾತ್ರೆ ತೊಳೆಯುವ ಕಟ್ಟೆಯ ಮೇಲೆ ಕೂತು ಬೀಡಿ ಕೈಯಲ್ಲಿ ಹಿಡಿದಿದ್ದರು, ಹಚ್ಚಿರಲಿಲ್ಲ. "ನಾನ್ ಊರಿಗ್ ಹೋದ್ರೆ ಎಂತ ಮಾಡುದ್ ಹೇಳಿ ಕಾಂಬ? ನಂಗ್ ಈ ಒಲಿ ಬಿಟ್ರೆ ಬೇರೆ ಎಂತದೂ ಗೊತ್ತಿಲ್ಲೆ ಮಾರಾಯ್ರೆ," ಎಂದರು. ಅವರ ದನಿಯಲ್ಲಿ ಜಂಬ ಇರಲಿಲ್ಲ. ನನಗೆ ಅವರ ಮೇಲೆ ಕನಿಕರ, ನನ್ನ ಮೇಲೆ ಸಿಟ್ಟು, ಆ ಏಸಿ ವ್ಯಾಪಾರಿಯ ಮೇಲೆ ಇನ್ನೂ ಸಿಟ್ಟು.

ಮರುದಿನ ನಾನು ಬಟ್ಟೆ ಮೇಸ್ತ್ರಿಯನ್ನು ಡೇರೆಯ ಮೂಲೆಗೆ ಕರೆದು ಒಂದೇ ಪ್ರಶ್ನೆ ಕೇಳಿದೆ. ಕೊನೆಯ ಯುದ್ಧ ಆದ ಮೇಲೆ ಈ ಬಿಳಿ ಸಮವಸ್ತ್ರ ಮತ್ತೆ ಯಾವ ದೃಶ್ಯದಲ್ಲಾದರೂ ಬೇಕೇ?

ಅವರು ಯೋಚಿಸಿದರು. "ನಹೀ ಭಾಯಿ. ಸಬ್ ಮರ್ ಜಾತೇ ಹೈಂ."

ಎಲ್ಲರೂ ಸಾಯುತ್ತಾರೆ! ಅಂದರೆ ಯುದ್ಧದ ದಿನ ಮಧ್ಯಾಹ್ನದ ಮೇಲೆ ಆ ಬಟ್ಟೆಗಳು ಹೇಗಿದ್ದರೂ ನಡೆಯುತ್ತದೆ. ಬಾಡಿಗೆಯವರಿಗೆ ತೊಳೆದು ಕೊಡಬೇಕು, ಅಷ್ಟೇ. ತೊಳೆಸುವ ಹೊಣೆ ನಮ್ಮ ಅಡುಗೆಮನೆಯದು ಎಂದೆ. ಕಫೀಲರನ್ನು ಕೇಳಲಿಲ್ಲ. ಕೇಳಿದ್ದರೆ ಬೇಡ ಎನ್ನುತ್ತಿದ್ದರು, ಅದು ಖಂಡಿತ. ಫರ್ವಾನಿಯಾದಲ್ಲಿ ನನಗೆ ಗುರುತಿನ ಲಾಂಡ್ರಿಯವನೊಬ್ಬನಿಗೆ ಫೋನ್ ಮಾಡಿ, ತುಪ್ಪದ ಕಲೆ ಹೋಗುತ್ತದೆಯೇ ಎಂದು ಕೇಳಿದೆ. ಹೋಗುತ್ತದೆ ಎಂದ. ಮೆಣಸಿನ ಕೆಂಪು? ನೋಡೋಣ ಎಂದ. ಹೋದಷ್ಟು ಹೋಗಲಿ ಎಂದೆ.

ಆಮೇಲೆ ಅಣ್ಣನ ಬಳಿ ಹೋಗಿ, "ನಾಳೆ ಸುಲ್ತಾನನ ಸೈನ್ಯಕ್ಕೆ ಚಿಕನ್ ಘೀ ರೋಸ್ಟ್, ನಿಮ್ಮೂರಿನ ಕ್ರಮದಲ್ಲೇ ಆಗ್ಬೇಕು," ಎಂದೆ.

ಅಣ್ಣ ಎದ್ದು ನಿಂತರು. "ನಿಜವಾ?"

"ನಿಜ. ಬಂಡುಕೋರರಿಗೆ ಮೊಸರನ್ನ."

ಯುದ್ಧದ ಬೆಳಿಗ್ಗೆ ಬಸ್ಸುಗಳು ಬರುವ ಮೊದಲೇ ಲಾರಿಯ ಪಕ್ಕದಲ್ಲಿ ಗ್ಯಾಸ್ ಒಲೆ ಹೂಡಿದೆವು. ಹುರಿದ ಬ್ಯಾಡಗಿ ಮೆಣಸು, ಕೊತ್ತಂಬರಿ, ಹುಣಿಸೆಹುಳಿ ಅರೆದ ಮಸಾಲೆಯನ್ನು ಅಣ್ಣ ಅಡುಗೆಮನೆಯಲ್ಲೇ ಸಿದ್ಧ ಮಾಡಿ ತಂದಿದ್ದರು. ಅದನ್ನು ತುಪ್ಪಕ್ಕೆ ಹಾಕಿದ್ದೇ ಹಾಕಿದ್ದು, ಆ ಘಮಕ್ಕೆ ಕುದುರೆ ನೋಡಿಕೊಳ್ಳುವವನೂ ಬಂದು ನಿಂತ. ನಾನು ಡೇರೆಯ ಮುಂದೆ ನಿಂತು, ಸಹಾಯಕ ನಿರ್ದೇಶಕನ ಧ್ವನಿವರ್ಧಕ ಇಸಿದುಕೊಂಡು, ಹಿಂದಿಯಲ್ಲೂ ಹರಕು ಅರಬ್ಬಿಯಲ್ಲೂ ಸಾರಿದೆ: ಇವತ್ತು ಬಿಳಿ ಹಾಕಿದವರಿಗೆ ಈ ಕೋಳಿ, ಚಿಂದಿ ಹಾಕಿದವರಿಗೆ ಮೊಸರನ್ನ.

ಅಬ್ಬಬ್ಬಾ, ಆ ನೂಕಾಟ! ತಿಂಗಳಿನಿಂದ ಸುಲ್ತಾನನ ವಿರುದ್ಧ ಘೋಷಣೆ ಕೂಗಿದವರೆಲ್ಲ ಬಿಳಿ ಅಂಗಿಗೆ ಕೈ ಚಾಚಿದರು. ಒಂದೇ ಅಂಗಿಯನ್ನು ಎರಡು ಕಡೆಯಿಂದ ಎಳೆದರು. ಬಟ್ಟೆ ಮೇಸ್ತ್ರಿ "ಆಹಿಸ್ತಾ, ಆಹಿಸ್ತಾ" ಎಂದು ಗೋಳಾಡಿದರು. ಪುತ್ತೂರಿನವನು ಎಲ್ಲರಿಗಿಂತ ಮೊದಲು ಕೆಂಪು ಪಟ್ಟಿ ಬಿಗಿದು ಬಂದು ನನಗೆ ಸೆಲ್ಯೂಟ್ ಹೊಡೆದ.

"ಪಕ್ಷ ಬಿಟ್ಟವನಿಗೆ ಕೋಳಿ ಕೊಡ್ಬೇಕಾ?" ಎಂದೆ.

"ಸಾರ್, ನಾನು ಮನಸ್ಸಲ್ಲಿ ಯಾವಾಗ್ಲೂ ಸುಲ್ತಾನನವನೇ ಮಾರ್ರೆ. ಹೊಟ್ಟೆ ಮಾತ್ರ ಆಚೆ ಹೋಗಿದ್ದು."

ಚಿಂದಿಯಲ್ಲಿ ಉಳಿದವರು ಯಾರೆಂದರೆ, ಮಾಂಸ ತಿನ್ನದವರು. ಒಂದಷ್ಟು ಗುಜರಾತಿಗಳು, ಇಬ್ಬರು ಮೂವರು ರಾಜಸ್ಥಾನದವರು, ಹಲ್ಲು ನೋವಿನ ಒಬ್ಬ ಈಜಿಪ್ಟಿನವನು. ಅವರಿಗೆ ಯಾರ ಮೇಲೂ ಸಿಟ್ಟಿರಲಿಲ್ಲ. ತಣ್ಣಗೆ ದಿಬ್ಬದ ಮೇಲೆ ನಿಂತಿದ್ದರು. ಎದುರಿಗೆ ಕಣ್ಣು ಹಾಯುವಷ್ಟು ದೂರ ಬಿಳಿ ಸೈನ್ಯ. ನಿರ್ದೇಶಕರು ಅಟ್ಟಣೆಯ ಮೇಲಿಂದ ನೋಡಿ ಎದೆ ಮುಟ್ಟಿಕೊಂಡರು. ಕಥೆಯಲ್ಲಿ ಬರೆದದ್ದು ಅದೇ.

"ಯಲ್ಲಾ!" ಎಂದರು. ಯುದ್ಧ ಶುರುವಾಯಿತು.

ಸುಲ್ತಾನನ ಸೈನ್ಯ ತುಂಬ ಹೊತ್ತು ಕಾದಾಡಿ, ಒಬ್ಬೊಬ್ಬರಾಗಿ ಬೀಳಬೇಕೆಂದು ಹೇಳಿಕೊಟ್ಟಿದ್ದರು. ಆದರೆ ಗಾಳಿ ನಮ್ಮ ಒಲೆಯ ಕಡೆಯಿಂದ ಬೀಸುತ್ತಿತ್ತು. ಸತ್ತವರಿಗೆ ಊಟ ಮೊದಲು ಎಂದು ಯಾರು ಹಬ್ಬಿಸಿದರೋ ದೇವರೇ ಬಲ್ಲ, ನಾನಂತೂ ಅಲ್ಲ. ಗುಜರಾತಿಯೊಬ್ಬ ಕತ್ತಿ ಎತ್ತಿದ್ದೇ ತಡ, ಮೊದಲ ಸಾಲು ಪೂರ್ತಿ ಉರುಳಿತು. ಕತ್ತಿ ತಾಗದವರೂ ಎದೆ ಹಿಡಿದುಕೊಂಡು ಬಿದ್ದರು. ಹಿಂದಿನ ಸಾಲಿನವರು ಮುಂದಿನವರು ಬಿದ್ದದ್ದು ಕಂಡೇ ಸತ್ತರು. ಹಲ್ಲು ನೋವಿನ ಈಜಿಪ್ಟಿನವನು ಕೆನ್ನೆ ಹಿಡಿದು ನಡೆದು ಬಂದರೆ, ಅವನ ದಾರಿಯುದ್ದಕ್ಕೂ ಸೈನ್ಯ ಇಬ್ಭಾಗವಾಗಿ ಮಲಗಿತು. ಚಹಾ ಕುಡಿದು ಮುಗಿಸುವಷ್ಟರಲ್ಲಿ ಒಂದು ಸಾಮ್ರಾಜ್ಯ ಖಲಾಸ್.

"ಕಟ್" ಎಂಬ ಮಾತು ಪೂರ್ತಿ ಬೀಳುವ ಮೊದಲೇ ಹೆಣಗಳೆಲ್ಲ ಎದ್ದು ಪಂಕ್ತಿಗೆ ಓಡಿದವು.

ನಮ್ಮ ಕಫೀಲ್ ಆಗಲೇ ಬಂದು ನಿಂತಿದ್ದರು. ಅವರ ಕಣ್ಣೆದುರೇ ಬಿಳಿ ಅಂಗಿಗಳೆಲ್ಲ ಎದೆಯಿಂದ ತೋಳಿನವರೆಗೆ ಕೆಂಪಾದವು. ಅಣ್ಣ ಬಾಲ್ದಿ ಹಿಡಿದು "ಸ್ವಲ್ಪ, ಸ್ವಲ್ಪ" ಎಂದು ಸುರಿಯುತ್ತಲೇ ಇದ್ದರು. ಲಾಂಡ್ರಿಯ ವಿಷಯ ನಾನು ಹೇಳಿದಾಗ ಕಫೀಲರ ಹುಬ್ಬು ಮೇಲೇರಿತು. ಯಾರನ್ನು ಕೇಳಿ ಒಪ್ಪಿಕೊಂಡೆ ಎಂದರು.

ಅಷ್ಟರಲ್ಲಿ ನಿರ್ದೇಶಕರು ಇಳಿದು ಬಂದರು. ಪಂಕ್ತಿಯತ್ತ ಕೈ ತೋರಿಸಿ ಕಫೀಲರ ಭುಜ ಹಿಡಿದು ಅರಬ್ಬಿಯಲ್ಲಿ ತುಂಬ ಹೊತ್ತು ಮಾತಾಡಿದರು. ನನಗೆ ಅರ್ಥವಾದದ್ದು ಇಷ್ಟು: ಇಪ್ಪತ್ತು ಧಾರಾವಾಹಿ ಮಾಡಿದ್ದೇನೆ, ಇಷ್ಟು ಮನಸಾರೆ ಸಾಯುವ ಸೈನಿಕರನ್ನು ಎಲ್ಲೂ ಕಂಡಿಲ್ಲ. ಜನರ ಕೋಪದ ಮುಂದೆ ಸಿಂಹಾಸನ ಕುಸಿಯುವುದು ಹೀಗೇ. ಆಮೇಲೆ ಅವರೂ ಕೂತು ಎರಡು ತಟ್ಟೆ ಘೀ ರೋಸ್ಟ್ ಮುಗಿಸಿದರು.

ಕಫೀಲ್ ಕಾರು ಹತ್ತಿ ಹೊರಟರು. ಎರಡು ದಿನ ಸುದ್ದಿಯಿಲ್ಲ. ಆ ಎರಡು ದಿನ ಅಡುಗೆಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ, ಅಣ್ಣನಿಗಂತೂ ನೀರೂ ಇಳಿಯಲಿಲ್ಲ. ಮೂರನೆಯ ದಿನ ಬಂದವರು ಕಾರಿನಿಂದ ಇಳಿಯುತ್ತಲೇ ಹೇಳಿದರು: ನಿರ್ದೇಶಕರ ತಮ್ಮ ಜಾಬ್ರಿಯಾದ ಒಂದು ಆಸ್ಪತ್ರೆಯಲ್ಲಿ ದೊಡ್ಡ ಹುದ್ದೆಯಲ್ಲಿದ್ದಾರೆ, ನಿರ್ದೇಶಕರ ಮಾತು ಕೇಳಿ ಅವರು ಒಪ್ಪಿದ್ದಾರೆ, ಅಲ್ಲಿನ ಒಳರೋಗಿಗಳ ಊಟ ಇನ್ನು ನಮ್ಮದು. ಕಿಚನ್ ಇರುತ್ತದೆ. ಎಲ್ಲರೂ ಇರುತ್ತೀರಿ.

ನಾನು ಒಳಗೆ ಓಡಿದೆ. ಕಾಲು ನೆಲ ಮುಟ್ಟಲಿಲ್ಲ. ಅಣ್ಣ ಎಲ್ಲ ಕೇಳಿಸಿಕೊಂಡರು. ಮುಖ ಅರಳಿತು.

"ಆಸ್ಪತ್ರೆಯವ್ರಿಗೆ ಎಂತ ಮಾಡುದು? ಘೀ ರೋಸ್ಟಾ?"

"ಇಲ್ಲ ಅಣ್ಣ. ತುಪ್ಪ ಇಲ್ಲ."

"ಎಣ್ಣಿ?"

"ಎಣ್ಣೆನೂ ಇಲ್ಲ. ಮೆಣಸು ಇಲ್ಲ. ತುಂಬಾ ಜನ್ರಿಗೆ ಉಪ್ಪೂ ಇಲ್ಲ."

"ಕೋಳಿ?"

"ಕೋಳಿ ಉಂಟು. ಬರೀ ಬೇಯ್ಸಿದ್ದು."

ಅಣ್ಣ ಮಗುಚಿಟ್ಟ ಹಂಡೆಯ ಮೇಲೆ ಮೆಲ್ಲಗೆ ಕೂತರು. ಒಲೆ ನೋಡಿದರು, ಮಸಾಲೆಯ ಕಪಾಟು ನೋಡಿದರು, ಮತ್ತೆ ನನ್ನನ್ನು ನೋಡಿದರು.

"ಹ್ವಾಯ್, ಆ ರೋಗಿಗಳ್ ಯಾರಿಗೆ ಎಂತ ಅನ್ಯಾಯ ಮಾಡಿರ್ ಮಾರಾಯ್ರೆ?"

ನಾನು ನಗಲು ಹೋದೆ. ಅವರು ಅಳುತ್ತಿದ್ದರು. ಮುಖಕ್ಕೆ ಬೈರಾಸು ಒತ್ತಿಕೊಂಡು, ಹೆಗಲು ಕುಲುಕಿಸಿಕೊಂಡು, ಚಿಕ್ಕ ಮಕ್ಕಳ ಹಾಗೆ. ನನಗೂ ತಡೆಯಲಾಗಲಿಲ್ಲ. ಇಬ್ಬರೂ ಅತ್ತೆವು. ಆಮೇಲೆ ಅವರು ಬೈರಾಸನ್ನು ಕೊಡವಿ ಹೆಗಲಿಗೆ ಹಾಕಿಕೊಂಡು, ಎದ್ದು, ದೊಡ್ಡ ಪಾತ್ರೆಯನ್ನು ನಲ್ಲಿಯ ಕೆಳಗೆ ಇಟ್ಟರು.

"ಗಂಜಿ ಎಷ್ಟ್ ಹೊತ್ತಿಗೆ ಕಳ್ಸುದು?" ಎಂದು ಕೇಳಿದರು.